ಬ್ರೇಕು ಬಿದ್ದ ಜಾಗ

ಸೋಫಾ, ಕುರ್ಚಿ, ಗಾಡಿಗಳ ಸೀಟು ಇವಕ್ಕೆಲ್ಲ ಹೊದಿಕೆ ಹೊಲಿಯುವ ಆ ಅಂಗಡಿಯಲ್ಲಿ ಆಕೆಯನ್ನು ಎಲ್ಲರೂ ಕುಶನ್ ಅಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮಗಳನ್ನೂ ಮಗನನ್ನೂ ಆಕೆ ಸಾಕಿದ್ದು ಅಲ್ಲಿನ ದಪ್ಪ ಸೂಜಿಯ ಮಿಷನ್ನಿನ ಮುಂದೆ ಕೂತೇ. ರೆಕ್ಸಿನ್ ಎಳೆದೆಳೆದು ಬೆರಳ ತುದಿಗಳು ಚರ್ಮದ ಹಾಗೆ ಗಟ್ಟಿಯಾಗಿದ್ದವು. ಮಾತು ಮಾತ್ರ ಮೆತ್ತಗೆ. ಗಿರಾಕಿಗಳು ಬಂದರೆ ಕೆಲಸಕ್ಕಿಂತ ಮಾತಿಗೇ ಹೆಚ್ಚು ಹೊತ್ತು ಕೂರುತ್ತಿದ್ದರು.

ಮಗ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದ. ಕಲಿಯಲು ಬಂದವರ ಪಕ್ಕದಲ್ಲಿ ಕೂತು ದಿನವಿಡೀ "ನಿಧಾನ, ನಿಧಾನ... ಬ್ರೇಕು, ಬ್ರೇಕು!" ಎಂದು ಕೂಗುವುದೇ ಅವನ ಕೆಲಸ. ಗೆಳೆಯರು ಅವನಿಗೆ ಬ್ರೇಕು ಎಂದೇ ಹೆಸರಿಟ್ಟರು. ಭಾನುವಾರ ಬಂತೆಂದರೆ ಅದೇ ಬ್ರೇಕು ಹೆಲ್ಮೆಟ್ ಹಾಕಿಕೊಂಡು ಬೆಟ್ಟದ ಕಾಲುದಾರಿಗಳಲ್ಲಿ ಬೈಕು ಹಾರಿಸಿಕೊಂಡು ಹೋಗುತ್ತಿದ್ದ. "ಹೇಳೋದು ಪುರಾಣ, ತಿನ್ನೋದು ಬದನೆಕಾಯಿ," ಎಂದು ಕುಶನ್ ಅಮ್ಮ ನಗುತ್ತಿದ್ದಳು. ಸಂಜೆ ಅವನು ಮೈತುಂಬ ಕೆಸರು ಮೆತ್ತಿಕೊಂಡು ಬಂದು ಬಾಗಿಲಲ್ಲೇ ಬೂಟು ಬಿಚ್ಚುವ ತನಕ ಮಾತ್ರ ಆಕೆಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಹೀಗೆ ಭಾನುವಾರ ಬೈಕು ತೆಗೆದುಕೊಂಡು ಬೆಟ್ಟಕ್ಕೆ ಹೋಗುವ ಗುಂಪಿನಲ್ಲಿ ಇದ್ದದ್ದು ನಾಲ್ಕೇ ಜನ. ಗ್ಯಾರೇಜ್ ಇಟ್ಟುಕೊಂಡಿದ್ದ ಮೆಕ್ಯಾನಿಕ್ ಎಲ್ಲರಿಗಿಂತ ಹಿರಿಯ, ದಾರಿ ಬಲ್ಲವ, ಆದ್ದರಿಂದ ಯಜಮಾನ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ಮಾತ್ರೆ ಎಂಬ ಅಡ್ಡಹೆಸರು. ಮೂರನೆಯವನು ಕುಶನ್ ಅಮ್ಮನ ಅಳಿಯ, ಮಗಳ ಗಂಡ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಿಷನ್ ನಡೆಸುವವನು. ಬ್ರೇಕುವನ್ನು ಈ ಗುಂಪಿಗೆ ಸೇರಿಸಿದವನೇ ಅವನು.

ಕಳೆದ ವರ್ಷ ಮಳೆಗಾಲ ಮುಗಿದ ಹೊಸತರಲ್ಲಿ ಇವರು ಬೆಟ್ಟದ ಹಳೆಯ ದಾರಿಯೊಂದಕ್ಕೆ ಹೋಗಿದ್ದರು. ಹಿಂದೆ ಯಾವಾಗಲೋ ಮರ ಸಾಗಿಸಲು ಮಾಡಿದ ದಾರಿ, ಬಳಸುವವರಿಲ್ಲದೆ ಪೊದೆ ಮುಚ್ಚಿಕೊಂಡಿತ್ತು. ಒಂದು ತಿರುವಿನಲ್ಲಿ ಅಂಚಿನ ಮಣ್ಣು ಕುಸಿದು ಬ್ರೇಕು ಬೈಕಿನ ಸಮೇತ ಕೊರಕಲಿಗೆ ಬಿದ್ದ. ಅವನನ್ನು ಮನೆಗೆ ತಂದಾಗ ಅಳಿಯ ಅತ್ತೆಯ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಬಿದ್ದ ತಕ್ಷಣ ಹೋಗ್ಬಿಟ್ಟ ಅತ್ತೆ. ನೋವು ಅಂತ ಗೊತ್ತಾಗೋಕೂ ಟೈಮ್ ಇರ್ಲಿಲ್ಲ."

ಆ ಒಂದು ಮಾತನ್ನು ಹಿಡಿದುಕೊಂಡೇ ಕುಶನ್ ಅಮ್ಮ ಮತ್ತೆ ಮಿಷನ್ನಿನ ಮುಂದೆ ಬಂದು ಕೂತಳು. ಯಾರಾದರೂ ಮಗನ ವಿಷಯ ಎತ್ತಿದರೆ ದಾರ ಕತ್ತರಿಸುತ್ತ, "ಹೋಗೋನು ಹೋದ. ನೋವು ಪಡ್ಲಿಲ್ಲವಂತೆ, ಅಷ್ಟೇ ನೋಡಿ ಪುಣ್ಯ," ಎನ್ನುತ್ತಿದ್ದಳು. ಬಂದವರು ಹೌದು ಹೌದು ಎನ್ನುತ್ತಿದ್ದರು. ಅಂಗಡಿಯ ಮೂಲೆಯಲ್ಲಿ ಸ್ಪಂಜಿನ ಹಾಳೆಗಳ ಹಿಂದೆ ನಿಂತು ಆಕೆ ಅಳುವುದನ್ನು ಜೊತೆಗಾರ್ತಿಯರು ಕಂಡರೂ ಕಾಣದ ಹಾಗೆ ಇರುತ್ತಿದ್ದರು.

ಅದಾದ ಮೇಲೆ ಮೂವರೂ ಬೈಕು ಮುಟ್ಟಿರಲಿಲ್ಲ. ಆದರೆ ಈ ವರ್ಷ ಮಳೆ ನಿಂತ ಮೇಲೆ ಒಂದು ಸಂಜೆ ಮಗಳ ಮನೆಗೆ ಹೋದ ಕುಶನ್ ಅಮ್ಮನಿಗೆ ಹಿತ್ತಲ ಶೆಡ್ಡಿನಲ್ಲಿ ಅಳಿಯ ಚೈನಿಗೆ ಎಣ್ಣೆ ಹಾಕುತ್ತಿರುವುದು ಕಾಣಿಸಿತು. ಕಳ್ಳನ ಹಾಗೆ ಬೆಚ್ಚಿಬಿದ್ದ ಅವನು ಕೈ ಒರೆಸಿಕೊಂಡ.

"ಅದೇ ದಾರಿಗಾ?" ಎಂದಳು.

ಅವನು ತಲೆ ತಗ್ಗಿಸಿದ. "ಯಜಮಾನ ಹೇಳ್ತಾರೆ, ಒಂದ್ಸಲ ಹೋಗಿ ಬಂದ್ಬಿಡೋಣ, ಇಲ್ಲಾಂದ್ರೆ ಅದು ಹೀಗೇ ಎದೆ ಮೇಲೆ ಕೂತಿರುತ್ತೆ ಅಂತ. ಆಮೇಲೆ ಬೈಕೇ ಬೇಡ ಅಂದ್ಕೊಂಡಿದ್ದೀವಿ ಅತ್ತೆ."

"ನಾನೂ ಬರ್ತೀನಿ."

ಮಗಳು ಒಳಗಿಂದ ಓಡಿಬಂದಳು. "ಅಮ್ಮಾ, ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಮೊಣಕಾಲು ನೋವು ಅಂತ ಮೆಟ್ಟಿಲು ಹತ್ತಲ್ಲ, ಬೆಟ್ಟ ಹತ್ತುತ್ತೀಯಾ?"

"ಹತ್ತೋದು ಬೈಕು, ನಾನಲ್ಲ."

"ತಮಾಷೆ ಸಾಕು. ಒಬ್ಬನ್ನ ಕಳ್ಕೊಂಡಿದ್ದು ಸಾಲ್ದಾ?"

ಕುಶನ್ ಅಮ್ಮ ಮೆತ್ತಗೆ ಹೇಳಿದಳು: "ಬೆಳಿಗ್ಗೆ ಚಹಾ ಕುಡಿದು ಹೋದ. ಸಂಜೆ ಸುತ್ತಿಕೊಂಡು ತಂದ್ರು. ನಡುವೆ ಅವನು ಎಲ್ಲಿದ್ದ ಅಂತ ನಂಗೆ ಗೊತ್ತಿಲ್ಲ ಮಗಳೇ. ಕಣ್ಣು ಮುಚ್ಚಿದ್ರೆ ಒಂದು ಜಾಗವೂ ಕಾಣಲ್ಲ. ಒಂದು ಸಲ ನೋಡ್ಬಿಟ್ರೆ ಸಾಕು."

ಮಗಳು ಗಂಡನ ಮುಖ ನೋಡಿದಳು. ಬೇಡ ಎನ್ನಲು ಅವನಿಗೆ ಬಲವಾದ ಕಾರಣವೇ ಇತ್ತು, ಆದರೆ ಅದು ಹೇಳುವಂಥದ್ದಾಗಿರಲಿಲ್ಲ.

ಆ ಭಾನುವಾರ ಹೊರಟರು. ಯಜಮಾನನ ಬೈಕೇ ಎಲ್ಲಕ್ಕಿಂತ ಗಟ್ಟಿ ಎಂದು ಆಕೆಯನ್ನು ಅದರ ಹಿಂದೆ ಕೂರಿಸಿದರು. ಅದಕ್ಕೆ ಹಿಂದೆ ಕಾಲಿಡುವ ಜಾಗವೇ ಇರಲಿಲ್ಲ. ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೆಯ ಫುಟ್‌ರೆಸ್ಟ್ ಜೋಡಿಯೊಂದನ್ನು ಯಜಮಾನ ಹಿಂದಿನ ದಿನವೇ ಕೂರಿಸಿದ್ದ. ಮಗಳ ಪ್ಯಾಂಟು, ಅಳಿಯನ ಹಳೆಯ ಜಾಕೀಟು, ಮಾತ್ರೆ ತಂದ ಹೆಲ್ಮೆಟ್ಟು. "ಅಮ್ಮಾ, ನೀವೀಗ ನಮ್ಮ ಗುಂಪಿನ ಹೊಸ ಹುಡುಗಿ," ಎಂದ ಮಾತ್ರೆ. ಯಾರೂ ನಗದಿದ್ದಾಗ ತಾನೇ ಕೆಮ್ಮಿ ತನ್ನ ಬೈಕು ಹತ್ತಿದ.

ಟಾರು ರಸ್ತೆ ಮುಗಿದು ಜಲ್ಲಿ ಬಂತು, ಜಲ್ಲಿ ಮುಗಿದು ಮಣ್ಣು ಬಂತು. ಬೆಟ್ಟದ ಬುಡದಲ್ಲಿ ಯಜಮಾನ ಬೈಕು ನಿಲ್ಲಿಸಿ ಹಿಂದೆ ತಿರುಗಿದ.

"ಅಮ್ಮಾ, ಒಂದೇ ಮಾತು ನೆನಪಿಟ್ಕೊಳ್ಳಿ. ನಾನು ಯಾವ ಕಡೆ ವಾಲ್ತೀನೋ ನೀವೂ ಅದೇ ಕಡೆ ವಾಲಿ. ಹೆದರಿಕೊಂಡು ಆ ಕಡೆ ಜಗ್ಗಿದ್ರೆ ಇಬ್ರೂ ಬೀಳ್ತೀವಿ. ಪೊದೆ ಬಂದ್ರೆ ನನ್ನ ಬೆನ್ನಿಗೆ ಮುಖ ಒತ್ತಿ ಹಿಡೀರಿ."

ದಾರಿ ಎಂದು ಹೇಳುವುದಕ್ಕೆ ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಒಬ್ಬ ಮನುಷ್ಯ ಕೈ ಚಾಚಿದರೆ ಎರಡೂ ಬದಿ ಮುಟ್ಟುವಷ್ಟು ಅಗಲ. ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಹುಲ್ಲು ಮುಚ್ಚಿದ ಅಂಚು. ಆ ಹುಲ್ಲಿನ ಕೆಳಗೆ ನೆಲ ಇದೆಯೋ ಗಾಳಿ ಇದೆಯೋ ನೋಡಿದವರಿಗೆ ತಿಳಿಯುವುದಿಲ್ಲ. ಮುಳ್ಳಿನ ಬಳ್ಳಿಗಳು ಹ್ಯಾಂಡಲ್ಲಿಗೆ ಸುತ್ತಿಕೊಂಡು ಜಗ್ಗುತ್ತಿದ್ದವು. ಒದ್ದೆ ಎಲೆಗಳ ಕೆಳಗೆ ಕಲ್ಲುಗಳು ಜಾರುತ್ತಿದ್ದವು. ಯಜಮಾನ ಸೀಟಿನ ಮೇಲೆ ಕೂರುತ್ತಲೇ ಇರಲಿಲ್ಲ, ಕಾಲಿನ ಮೇಲೆ ನಿಂತು ಮೊಣಕಾಲು ಸಡಿಲ ಬಿಟ್ಟು ಬೈಕನ್ನು ಕುಣಿಯಲು ಬಿಡುತ್ತಿದ್ದ. ಹಿಂದೆ ಮಾತ್ರೆ, ಕೊನೆಯಲ್ಲಿ ಅಳಿಯ.

ಮೊದಮೊದಲು ಕುಶನ್ ಅಮ್ಮ ಹಲ್ಲು ಕಚ್ಚಿ ಕಣ್ಣು ಮುಚ್ಚಿದ್ದಳು. ಆಮೇಲೆ ಮೈಗೆ ತಾನಾಗಿಯೇ ಆಟ ತಿಳಿಯಿತು. ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಒಂದು ಕಡೆ ನೀರು ಹರಿದು ಕೊರೆದ ಏರಿನಲ್ಲಿ ಬೈಕು ಗುಟುರು ಹಾಕಿ, ಹಿಂದಿನ ಚಕ್ರ ಮಣ್ಣು ಚಿಮ್ಮಿಸಿ, ಇನ್ನೇನು ಹಿಂದಕ್ಕೆ ಬಿತ್ತು ಅನ್ನುವಾಗ ಚಂಗನೆ ಮೇಲೆ ಹಾರಿ ನಿಂತಿತು. ಎದುರಿಗೆ ಕಣಿವೆಯ ತುಂಬ ಬಿಸಿಲು. ಕುಶನ್ ಅಮ್ಮ ಜೋರಾಗಿ ನಕ್ಕುಬಿಟ್ಟಳು. ನಗು ಹೆಲ್ಮೆಟ್ಟಿನೊಳಗೆ ತನ್ನದೇ ಕಿವಿಗೆ ಬಿತ್ತು. ಇದಕ್ಕೇ ಬರುತ್ತಿದ್ದನಲ್ಲ ನನ್ನ ಮಗ, ಎಂದು ಮೊದಲ ಸಲ ತಿಳಿಯಿತು. ಎಷ್ಟು ಬೈದಿದ್ದೆ, ಒಂದು ದಿನವಾದರೂ ಹೇಗಿತ್ತು ಅಂತ ಕೇಳಲಿಲ್ಲ. ಯಜಮಾನನ ಬೆನ್ನಿಗೆ ಹೆಲ್ಮೆಟ್ಟು ಒತ್ತಿಕೊಂಡು ಅತ್ತಳು. ಇಂಜಿನ್ನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಸೀಳಿದಂತಿದ್ದ ದೊಡ್ಡ ಬಂಡೆಯೊಂದರ ಪಕ್ಕ ಅಳಿಯ ಹಾರ್ನ್ ಹೊಡೆದ. ಮೂರೂ ಬೈಕುಗಳು ನಿಂತವು. ಸದ್ದು ನಿಂತೊಡನೆ ಕಾಡು ಹತ್ತಿರ ಬಂದ ಹಾಗಾಯಿತು.

"ಇಲ್ಲೇ ಅತ್ತೆ," ಎಂದ ಅಳಿಯ, ಅಂಚಿನ ಕಡೆ ಕೈ ತೋರಿಸಿ. ಅಲ್ಲಿ ಎದೆಯೆತ್ತರದ ಪೊದೆ ಬೆಳೆದಿತ್ತು. ಕುಸಿದ ಗುರುತು ಎಲ್ಲೂ ಇರಲಿಲ್ಲ.

ಯಜಮಾನ ಹುಬ್ಬು ಗಂಟಿಕ್ಕಿದ. "ಇಲ್ಲಲ್ಲ ಅನ್ಸುತ್ತೆ. ಅಲ್ಲಿ ಒಂದು ಒಣಮರ ಇತ್ತು."

"ಮರ ಬಿದ್ದು ಹೋಗಿರ್ಬಹುದು. ಬಂಡೆ ನಂಗೆ ಚೆನ್ನಾಗಿ ನೆನಪಿದೆ."

"ಇಂಥಾ ಬಂಡೆ ಹತ್ತು ಬಂದ್ವು ಹಿಂದೆ."

"ಅಣ್ಣಾ, ಇದೇ ತಿರುವು."

"ಅಲ್ಲಪ್ಪಾ, ಇದಲ್ವೇ ಅಲ್ಲ," ಎಂದು ಮಾತ್ರೆ ನಡುವೆ ಬಾಯಿ ಹಾಕಿದ. ಅವನಿಗೆ ತಾನೇ ಸರಿ ಎಂದು ತೋರಿಸುವ ಹುಮ್ಮಸ್ಸು. "ಇನ್ನೂ ಮುಂದೆ, ಹಳ್ಳದ ಹತ್ರ. ನೀರು ತರೋಕೆ ನಾನು ಓಡಿದ್ದು ಅಲ್ಲಿಂದ ತಾನೆ? ಇಲ್ಲಿಂದ ಆಗಿದ್ರೆ ಅಷ್ಟು ಬೇಗ ವಾಪಸ್ ಬರೋಕಾಗ್ತಿತ್ತಾ? ಅವನ ತುಟಿ..."

ಮಾತು ಅಲ್ಲೇ ನಿಂತಿತು. ಯಜಮಾನ ಮುಖ ಆ ಕಡೆ ತಿರುಗಿಸಿದ.

ಕುಶನ್ ಅಮ್ಮ ಹೆಲ್ಮೆಟ್ಟು ತೆಗೆದಳು.

"ನೀರು ಯಾರಿಗೆ?"

ಆಕೆ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಬಿದ್ದ ತಕ್ಷಣ ಹೋದೋನಿಗೆ ನೀರು ಯಾಕೆ ಬೇಕಾಯ್ತು?"

ಮಾತ್ರೆ ಕೂತುಬಿಟ್ಟ, ದಾರಿಯ ನಡುವೆಯೇ, ಕೆಸರಿನಲ್ಲಿ. "ಅಮ್ಮಾ, ನಾವು... ನಿಮಗೆ ಸಂಕಟ ಆಗ್ಬಾರ್ದು ಅಂತ..."

"ನಿನ್ನ ಕೇಳ್ತಿಲ್ಲ." ಆಕೆ ಅಳಿಯನ ಕಡೆ ತಿರುಗಿದಳು. ಮದುವೆಯಾದಂದಿನಿಂದ ಅವನನ್ನು ನೀವು ಎಂದೇ ಕರೆದವಳು ಈಗ ಹೇಳಿದಳು, "ನೀನು ಹೇಳು. ನನ್ನ ಕೈ ಹಿಡ್ಕೊಂಡು ಸುಳ್ಳು ಹೇಳಿದೋನು ನೀನು. ನಿಜ ನೀನೇ ಹೇಳು. ಎಷ್ಟು ಹೊತ್ತು ಇದ್ದ?"

"ತುಂಬಾ ಹೊತ್ತು," ಎಂದ ಅಳಿಯ. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು.

ಬಿದ್ದಾಗ ಹ್ಯಾಂಡಲ್ ಹೊಟ್ಟೆಗೆ ಬಡಿದಿತ್ತು. ಹೊರಗೆ ದೊಡ್ಡ ಗಾಯವೇನೂ ಇರಲಿಲ್ಲ. ಮೂವರೂ ಸೇರಿ ಅವನನ್ನು ದಾರಿಗೆ ಎತ್ತಿ ತಂದರು. ಮೊದಲು ಅವನು ನಗುತ್ತಲೇ ಇದ್ದ, ಬೈಕು ಹೇಗಿದೆ ಎಂದು ಕೇಳಿದ, "ಊರಿಗೆಲ್ಲ ಬ್ರೇಕು ಕಲಿಸಿ ನಾನೇ ಹಾಕ್ಲಿಲ್ವಲ್ಲೋ" ಎಂದ. ಎದ್ದು ಕೂರಲು ಹೋದಾಗ ಕೂಗಿಕೊಂಡ. ಆಗ ಭಯವಾಯಿತು. ಅಲ್ಲಿ ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ. ಯಜಮಾನ ಜನರನ್ನು ಕರೆತರಲು ಕೆಳಗೆ ಹೊರಟ. ಮಾತ್ರೆ ನೀರಿಗೆ ಓಡಿದ. ಕುಡಿಸಬಾರದೆಂದು ಅವನಿಗೆ ಗೊತ್ತಿತ್ತು, ತುಟಿ ಮಾತ್ರ ಒದ್ದೆ ಮಾಡಿದ. ಅಳಿಯ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಸ್ವಲ್ಪ ಹೊತ್ತಿಗೆ ಬ್ರೇಕು ಚಳಿ ಚಳಿ ಎನ್ನತೊಡಗಿದ.

"ಆಮೇಲೆ ಅಮ್ಮಂಗೆ ಫೋನ್ ಮಾಡು ಭಾವ ಅಂದ. ಸಿಗ್ನಲ್ ಇಲ್ಲ ಕಣೋ ಅಂದೆ. ಮತ್ತೆ ಮತ್ತೆ ಅದೇ. ಫೋನ್ ಮಾಡು, ಫೋನ್ ಮಾಡು. ನಾನು ಬೇಕಂತ ಮಾಡ್ತಿಲ್ಲ ಅಂದ್ಕೊಂಡ. ಸಿಟ್ಟು ಮಾಡ್ಕೊಂಡ. ನನ್ನ ಅಂಗಿ ಹಿಡಿದು ಜಗ್ಗಿದ." ಅಳಿಯ ಉಸಿರೆಳೆದುಕೊಂಡ. "ಕೊನೆಗೆ ನಾನು ಫೋನ್ ತೆಗೆದು ಅವನ ಕಿವಿಗೆ ಹಿಡಿದೆ ಅತ್ತೆ. ಅಮ್ಮ ಲೈನಲ್ಲಿದ್ದಾರೆ, ಮಾತಾಡು ಅಂದೆ."

ಕುಶನ್ ಅಮ್ಮ ಪಕ್ಕದ ಬೈಕಿನ ಸೀಟನ್ನು ಹಿಡಿದುಕೊಂಡಳು.

"ಮಾತಾಡಿದನಾ?"

"ಹೂಂ."

"ಏನಂದ?"

"'ಅಮ್ಮಾ, ನನಗೆ ಕಾಯಬೇಡ, ಊಟ ಮಾಡ್ಬಿಡು, ಬರೋದು ತಡ ಆಗುತ್ತೆ' ಅಂದ. 'ಭಾವನ್ನ ಬೈಬೇಡ' ಅಂದ. ಆಮೇಲೆ ನೀವು ಏನಂತೀರಾ ಅಂತ ಕಾಯ್ತಾ ಇದ್ದ. ಏನೂ ಕೇಳಿಸ್ತಿಲ್ಲ ಅಂದ. ನಾನು ಫೋನ್ ನನ್ನ ಕಿವಿಗೆ ಇಟ್ಕೊಂಡು, 'ಅಮ್ಮ ಸರಿ ಅಂದ್ರು ಕಣೋ' ಅಂದೆ. ಆಗ ಸುಮ್ಮನಾದ. ಜನ ಬರೋ ಹೊತ್ತಿಗೆ..."

ಮುಂದಿನದನ್ನು ಹೇಳುವ ಅಗತ್ಯವಿರಲಿಲ್ಲ. ಎಲ್ಲೋ ಕೆಳಗೆ ಹಳ್ಳದ ನೀರು ಹರಿಯುವ ಸದ್ದು ಕೇಳುತ್ತಿತ್ತು.

"ನಾನು ಸರಿ ಅಂದೆನಾ?" ಎಂದಳು ಕುಶನ್ ಅಮ್ಮ. ಆಕೆಯ ದನಿ ಅಷ್ಟು ಗಡುಸಾಗಿದ್ದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. "ನಾನು ಸರಿ ಅಂತಿದ್ನಾ? ಅವನು ತಡ ಆಗುತ್ತೆ ಅಂತ ಹೇಳಿದ ಯಾವತ್ತಾದ್ರೂ ನಾನು ಸರಿ ಅಂದಿದ್ದೀನಾ? ಎಲ್ಲಿದ್ದೀಯಾ ಅಂತ ಕೇಳ್ತಿದ್ದೆ. ದನಿ ಯಾಕೆ ಹೀಗಿದೆ ಅಂತ ಕೇಳ್ತಿದ್ದೆ. ಬಂದೆ ಇರು ಮಗನೇ ಅಂತಿದ್ದೆ! ನನ್ನ ಮಗ ಅಮ್ಮನ್ನ ಕೇಳಿದ, ನೀನು ಅವನಿಗೆ ಸರಿ ಅನ್ನೋ ಅಮ್ಮನ್ನ ಕೊಟ್ಟೆ."

ಅಳಿಯ ಮುಖ ಮುಚ್ಚಿಕೊಂಡ. ಯಜಮಾನ ಮುಂದೆ ಬಂದು, "ಅಮ್ಮಾ, ನಿಮ್ಗೆ ಹೇಳೋದು ಬೇಡ ಅಂದಿದ್ದು ನಾನು. ತಪ್ಪು ಅವನೊಬ್ಬನದ್ದೇ ಅಲ್ಲ," ಎಂದ.

"ಗೊತ್ತಾಯ್ತು ಬಿಡಪ್ಪ. ಮೂರೂ ಜನ ಒಳ್ಳೆಯವರೇ." ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. "ಈಗ ಜಾಗ ತೋರಿಸಿ."

ಹಳ್ಳದ ಹತ್ತಿರದ ತಿರುವಿಗೆ ನಡೆದೇ ಹೋದರು. ಅಲ್ಲೂ ಪೊದೆ. ಯಜಮಾನ ಕತ್ತಿಯಿಂದ ಬಳ್ಳಿ ಸವರಿದ. ಒಣಮರ ನಿಜಕ್ಕೂ ಬಿದ್ದಿತ್ತು, ಅದರ ಬುಡದಲ್ಲಿ ಅಣಬೆ ಎದ್ದಿತ್ತು. ಕುಸಿದ ಅಂಚಿನ ಮೇಲೆ ಹೊಸ ಹುಲ್ಲು ಸೊಂಪಾಗಿ ಬೆಳೆದಿತ್ತು. ಅಳಿಯ ದಾರಿಯ ಒಂದು ಭಾಗವನ್ನು ಕಾಲಿನಿಂದ ತೋರಿಸಿ, "ಇಲ್ಲಿ ಮಲಗಿಸಿದ್ವಿ," ಎಂದ. ಬರೀ ಮಣ್ಣು, ಎಲೆ, ಇರುವೆ ಸಾಲು. ಕುಶನ್ ಅಮ್ಮ ಮೊಣಕಾಲೂರಿ ಕೂತು ಆ ನೆಲವನ್ನು ಅಂಗೈಯಿಂದ ಸವರಿದಳು. ನೆಲ ತಣ್ಣಗಿತ್ತು. "ಇಲ್ಲಿ ಬಿಸಿಲೇ ಬೀಳಲ್ವಲ್ಲ," ಎಂದಳು. "ಚಳಿ ಆಗದೆ ಇನ್ನೇನಾಗುತ್ತೆ."

ಇಳಿಯುವಾಗ ಆಕೆ ಮತ್ತೆ ಯಜಮಾನನ ಹಿಂದೆಯೇ ಕೂತಳು, ವಾಲಬೇಕಾದ ಕಡೆ ವಾಲಿದಳು. ತನ್ನ ಮನೆ ಮುಂದೆ ಇಳಿದು ಹೆಲ್ಮೆಟ್ಟು ಮಾತ್ರೆಯ ಕೈಗೆ ಕೊಟ್ಟು ಒಳಗೆ ಹೋದಳು. ಅಳಿಯ ಅಂಗಳದಲ್ಲೇ ನಿಂತಿದ್ದ.

ಮಗಳಿಗೆ ವಿಷಯ ಆ ದಿನವೇ ತಿಳಿಯಿತು. ಅವಳಿಗೂ ಗಂಡ ಹೇಳಿರಲಿಲ್ಲ. "ನನ್ನ ತಮ್ಮ ಆಡಿದ ಮಾತು ಇಷ್ಟು ದಿನ ನಿಮ್ಮ ಹೊಟ್ಟೆಯಲ್ಲಿತ್ತಾ?" ಎಂದು ಕೇಳಿದವಳು ಆಮೇಲೆ ಹಲವು ದಿನ ಅವನೊಡನೆ ಬೇಕಾದಷ್ಟೇ ಮಾತಾಡಿದಳು. ಬೈಕುಗಳು ಗ್ಯಾರೇಜಿನ ಹಿಂದೆ ಟಾರ್ಪಾಲಿನ ಕೆಳಗೆ ಸೇರಿದವು. ಮಾತ್ರೆ ಕುಶನ್ ಅಂಗಡಿಯ ಬೀದಿಯನ್ನೇ ಬಿಟ್ಟು ಸುತ್ತಿಕೊಂಡು ಹೋಗತೊಡಗಿದ.

ಅಂಗಡಿಯಲ್ಲಿ ಕುಶನ್ ಅಮ್ಮ ಎಂದಿನಂತೆ ಹೊಲಿದಳು. ಒಮ್ಮೆ ಹಳೆಯ ಗಿರಾಕಿಯೊಬ್ಬಳು ಸಮಾಧಾನ ಹೇಳಲು, "ನೋವಿಲ್ಲದೆ ಹೋದ್ನಲ್ಲ, ಬಿಡಿ," ಎಂದಳು. ಕುಶನ್ ಅಮ್ಮ ಮಿಷನ್ ನಿಲ್ಲಿಸಿದಳು. "ಇಲ್ಲ ತಾಯಿ, ನೋವು ತಿಂದೇ ಹೋದ," ಎಂದಳು. ಗಿರಾಕಿ ಬಟ್ಟೆಯ ಬಣ್ಣ ಆರಿಸತೊಡಗಿದಳು.

ಬಹಳ ದಿನಗಳಾದ ಮೇಲೆ ಒಂದು ಮಧ್ಯಾಹ್ನ ಕುಶನ್ ಅಮ್ಮ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದಳು. ಅಲ್ಲಿಗೆ ಆಕೆ ಹಿಂದೆಂದೂ ಬಂದಿರಲಿಲ್ಲ. ಶಾಯಿಯ, ಸೀಮೆಎಣ್ಣೆಯ ವಾಸನೆ. ದೊಡ್ಡ ಮಿಷನ್ನು ಹಾಳೆಗಳನ್ನು ಒಂದರ ಹಿಂದೊಂದು ಉಗುಳುತ್ತಿತ್ತು. ಅಳಿಯ ಕಪ್ಪಾದ ಕೈಯಲ್ಲಿ ಹಾಳೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವನು ಅತ್ತೆಯನ್ನು ಕಂಡು ಮಿಷನ್ನು ಆರಿಸಿದ.

"ಅವನು ಹೇಳಿದ್ದನ್ನ ಇನ್ನೊಂದ್ಸಲ ಹೇಳು," ಎಂದಳು ಆಕೆ.

ಅವನು ಸ್ಟೂಲು ತಂದು ಕೂರಿಸಿದ. ಎದುರಿಗೆ ಕಾಗದದ ಕಟ್ಟುಗಳ ಮೇಲೆ ತಾನು ಕೂತು, ಹೇಳಿದ.

"ಹಾಗಲ್ಲ. ಯಾವ ದನಿಯಲ್ಲಿ ಹೇಳಿದ?"

"ಮೆತ್ತಗೆ. ನಿಮಗೆ ಗಾಬರಿ ಆಗ್ಬಾರ್ದು ಅನ್ನೋ ಹಾಗೆ."

"ಸುಳ್ಳು ಸೇರಿಸ್ಬೇಡ."

"ಇಲ್ಲ ಅತ್ತೆ. ಫೋನ್ ಕಿವಿಗೆ ಇಟ್ಟ ತಕ್ಷಣ ದನಿ ಸರಿ ಮಾಡ್ಕೊಂಡ. ಅಲ್ಲೀವರೆಗೂ ನರಳ್ತಾ ಇದ್ದ. ನಿಮ್ಮ ಹತ್ರ ಮಾತಾಡೋವಾಗ ನರಳ್ಲಿಲ್ಲ."

ಕುಶನ್ ಅಮ್ಮ ಕಣ್ಣು ಮುಚ್ಚಿದಳು.

"ಫೋನ್ ಇಟ್ಟ ಮೇಲೆ ನೋವಿತ್ತಾ?"

ಅಳಿಯ ತನ್ನ ಕಪ್ಪು ಬೆರಳುಗಳನ್ನು ನೋಡಿಕೊಂಡ. "ಇತ್ತು," ಎಂದ.

"ನೀನು ಏನ್ಮಾಡ್ದೆ?"

"ತಲೆ ಸವರ್ತಾ ಇದ್ದೆ. ಜಾಕೀಟು ಹೊದಿಸಿದ್ದೆ. ಇನ್ನೇನೂ ಮಾಡೋಕೆ ಬರ್ಲಿಲ್ಲ ಅತ್ತೆ ನಂಗೆ." ಹೇಳುತ್ತ ಹೇಳುತ್ತ ಅವನಿಗೆ ಅಳು ತಡೆಯಲಾಗಲಿಲ್ಲ. ಮುಖ ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಶಾಯಿ ಬಳಿದುಕೊಂಡ.

ಒಳಗಿನ ಕೋಣೆಯಿಂದ ಪ್ರೆಸ್ಸಿನ ಮಾಲೀಕ ಇಣುಕಿ, "ಯಾಕಯ್ಯಾ, ಮಿಷನ್ ನಿಲ್ಲಿಸ್ಬಿಟ್ಟೆ?" ಎಂದು ಕೇಳಬಂದವನು ಇಬ್ಬರನ್ನೂ ನೋಡಿ ಸದ್ದಿಲ್ಲದೆ ಬಾಗಿಲು ಹಾಕಿಕೊಂಡ.

ಕುಶನ್ ಅಮ್ಮ ಎದ್ದು ಬಂದು ಅಳಿಯನ ತಲೆಯ ಮೇಲೆ ಕೈಯಿಟ್ಟಳು. ಸಮಾಧಾನದ ಮಾತು ಆಕೆಯ ಬಾಯಿಗೆ ಬರಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಅದು ಆಗಿದೆಯೋ ಇಲ್ಲವೋ ಆಕೆಗೇ ತಿಳಿದಿರಲಿಲ್ಲ. "ಮೊದಲಿಂದ ಹೇಳು," ಎಂದಳು ಕೊನೆಗೆ. "ಬೆಳಿಗ್ಗೆ ಮನೆಯಿಂದ ಹೊರಟ್ರಲ್ಲ, ಅಲ್ಲಿಂದ ಹೇಳು. ದಾರೀಲಿ ಎಲ್ಲಿ ನಿಂತ್ರಿ, ಏನು ತಿಂದ, ಯಾವುದಕ್ಕೆ ನಕ್ಕ, ಎಲ್ಲಾ."

ಅವನು ಮೂಗು ಒರೆಸಿಕೊಂಡು, ನೆನಪು ಮಾಡಿಕೊಳ್ಳುತ್ತ, ಹೇಳತೊಡಗಿದ.